ತಮ್ಮನ ಕೆನ್ನೆ ಇಳಿದ ಬೇಸಿಗೆ

ಆ ಕಾಲದಲ್ಲಿ ಮುಂಬಯಿಯ ವಡಾಲದಲ್ಲಿ, ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳಿನಲ್ಲಿ ಯಾರ ಮನೆಯ ಮಗುವಿನ ಹೊಟ್ಟೆ ಕೆಟ್ಟರೂ ಅದು ಇಡೀ ಮಾಳಿಗೆಗೆ ಸೇರಿದ ಸಂಗತಿಯಾಗುತ್ತಿತ್ತು. ಬೆಳಿಗ್ಗೆ ನಲ್ಲಿಯ ಮುಂದೆ ಕೊಡ, ಬಾಲ್ದಿ ಹಿಡಿದು ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬರು ಓಮದ ನೀರು ಕುಡಿಸಿ ಎನ್ನುವರು, ಇನ್ನೊಬ್ಬರು ಜಾಯಿಕಾಯಿ ತೇಯ್ದು ನೆಕ್ಕಿಸಿ ಎನ್ನುವರು, ಮೂಲೆಮನೆಯ ಮರಾಠಿ ಆಯಿ ಸಾಬೂದಾಣೆ ಬಿಟ್ಟರೆ ಬೇರೆ ಮದ್ದೇ ಇಲ್ಲವೆಂದು ವಾದಿಸುವರು. ಡಾಕ್ಟರ ಸರದಿ ಇವರೆಲ್ಲರದು ಮುಗಿದ ಮೇಲೆ. ಇವತ್ತು ಪ್ರೋಟೀನ್ ಎಂಬ ಮಾತು ಬಿಸ್ಕೀಟಿನ ಪೊಟ್ಟಣದ ಮೇಲೂ ಇರುತ್ತದೆ. ಎಪ್ಪತ್ತರ ದಶಕದ ಆರಂಭದ ಆ ಬೇಸಿಗೆಯಲ್ಲಿ ಕೋಣೆಗಳ ಮುಂದಿನ ನಮ್ಮ ಉದ್ದ ಗ್ಯಾಲರಿಯಲ್ಲಿ ಆ ಶಬ್ದ ತಿಳಿದವರು ಒಬ್ಬರೂ ಇರಲಿಲ್ಲ. ನನಗೆ ಅದು ಅರ್ಥವಾದದ್ದು ನನ್ನ ತಮ್ಮ ಚಂದುವಿನ ಪಾದದಿಂದ.

ನಮ್ಮದು ಒಂದೇ ಕೋಣೆಯ ಮನೆ. ಅಪ್ಪ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದರು. ಮಧ್ಯಾಹ್ನ ವಿಶ್ರಾಂತಿಗೆ ಮನೆಗೆ ಬಂದರೆ ಅವರ ಬನಿಯನ್ನಿನಿಂದ ಹುಳಿಹಿಟ್ಟಿನದೂ ತುಪ್ಪದ್ದೂ ಒಂದು ಮಿಶ್ರ ವಾಸನೆ ಬರುತ್ತಿತ್ತು. ನನಗೆ ಇವತ್ತಿಗೂ ಅಪ್ಪ ಎಂದರೆ ಅದೇ. ಅಮ್ಮ ಮೆಲು ಮಾತಿನವಳು. ಮನೆಯ ಆಡಳಿತವೆಲ್ಲ ಅಪ್ಪನ ತಾಯಿ, ನಮ್ಮ ಅಜ್ಜಿಯದು. ಅಜ್ಜಿ ಉಡುಪಿಯ ಕಡೆಯಿಂದ ಮುಂಬಯಿಗೆ ಬರುವಾಗ ಒಂದು ಡಬ್ಬಿ ತುಂಬ ಕೂವೆ ಹುಡಿ ತಂದಿದ್ದರು. ಕೂವೆ ಗೆಡ್ಡೆಯನ್ನು ತುರಿದು, ನೀರಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಚೆಲ್ಲಿ ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಬಿಸಿಲಿಗೆ ಒಣಗಿಸಿದರೆ ಹಾಲಿನಂತೆ ಬಿಳಿಯಾದ ನುಣುಪು ಹುಡಿ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಜ್ವರ ಬಿಟ್ಟವರಿಗೆ, ಹೊಟ್ಟೆ ಕೆಟ್ಟವರಿಗೆ ಅದರ ಗಂಜಿಗಿಂತ ಮಿಗಿಲಾದ ಪಥ್ಯವಿಲ್ಲ. ಆ ಡಬ್ಬಿಯನ್ನು ಅಜ್ಜಿ ದೇವರ ಪಟದ ಪಕ್ಕದಲ್ಲೇ ಇಟ್ಟುಕೊಂಡಿದ್ದರು.

ಹೋಳಿಯ ಮುಂಚೆ ಚಂದುವಿಗೆ ದಡಾರ ಬಂತು. ಅವನಿಗಾಗ ನಾಲ್ಕೂ ತುಂಬಿರಲಿಲ್ಲ. ದಡಾರ ಇಳಿಯುತ್ತಲೇ ಭೇದಿ ಹಿಡಿಯಿತು. ಅಜ್ಜಿ ಸೆರಗು ಸಿಕ್ಕಿಸಿ ಎದ್ದರು. ಕೂವೆ ಗಂಜಿ ಸ್ಟವ್ವಿನ ಮೇಲೆ ಗುಳುಗುಳು ಎನ್ನುತ್ತ ಬಿಳಿಯಿಂದ ಗಾಜಿನ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಚೆಂದ. ಒಂದು ಚೂರು ಬೆಲ್ಲ, ಚಿಟಿಕೆ ಏಲಕ್ಕಿ. ನನಗೂ ಬಾಯಲ್ಲಿ ನೀರೂರಿ, ಪಾತ್ರೆ ಕೆರೆಯುವ ಕೆಲಸ ನಾನೇ ವಹಿಸಿಕೊಂಡಿದ್ದೆ. ಭೇದಿ ನಿಂತಿತು. ಅಜ್ಜಿಯ ಹೆಸರು ನಲ್ಲಿಯವರೆಗೂ ಹೋಯಿತು.

ಆದರೆ ಕಾಯಿಲೆ ಹೋದರೂ ಪಥ್ಯ ಹೋಗಲಿಲ್ಲ. ಬೇಳೆ ಎಂದರೆ ವಾಯು, ಹಾಲು ಎಂದರೆ ಕಫ, ಮೊಸರು ಶೀತ. ಅಮ್ಮ ಒಂದು ದಿನ ಅನ್ನದ ಮೇಲೆ ಎರಡು ಚಮಚ ತೊವ್ವೆ ಹಾಕಲು ಹೋದಾಗ ಅಜ್ಜಿ ತಟ್ಟೆಯನ್ನೇ ಸರಿಸಿದರು.

“ಎಂತ ಗಡಿಬಿಡಿ ನಿಂಗೆ? ಕರುಳು ಹಸಿ ಉಂಟು ಮಗುವಿಂದು. ಬೇಳೆ ಜೀರ್ಣ ಆಗ್ಲಿಕ್ಕೆ ಉಂಟಾ? ಇನ್ನೊಂದು ವಾರ ಹೋಗ್ಲಿ.”

“ಆಯ್ತು ಅತ್ತೆ,” ಎಂದಳು ಅಮ್ಮ. ಆ ಇನ್ನೊಂದು ವಾರ ಎಂಬುದು ಮುಗಿಯಲೇ ಇಲ್ಲ. ದೋಸೆಗೆ ಉದ್ದು, ಸಾಂಬಾರಿಗೆ ತೊಗರಿ ಎಂದು ದಿನವಿಡೀ ಬೇಳೆಯ ನಡುವೆಯೇ ಬದುಕುವ ಮನುಷ್ಯನ ಮಗ ವಾರಗಟ್ಟಲೆ ಬರೀ ಕೂವೆ ಗಂಜಿ, ಅನ್ನದ ತಿಳಿಯಲ್ಲೇ ಇದ್ದ.

ಅಷ್ಟರಲ್ಲಿ ಚಂದು ಮೈ ತುಂಬಿಕೊಂಡ. ಕೆನ್ನೆಗಳು ಉಬ್ಬಿ ಬಂದವು, ಪಾದಗಳು ದುಂಡಗಾದವು. ಪಕ್ಕದ ಖೋಲಿಯ ಗಂಗವ್ವ, ಬಾಗಲಕೋಟೆಯ ಕಡೆಯವಳು, ಮಿಲ್ ಕೆಲಸಗಾರನ ಹೆಂಡತಿ, ಬಾಗಿಲಲ್ಲೇ ನಿಂತು, “ಎಷ್ಟ್ ಚೆಂದ್ ದುಂಡಗ ಆಗೈತ್ರಿ ಕೂಸು! ಅಜ್ಜಿ ಕೈಗುಣ ನೋಡ್ರಿ,” ಎಂದು ಕೊಂಡಾಡಿದಳು. ಅಜ್ಜಿ ಹಿಗ್ಗಿ ಹೀರೇಕಾಯಿಯಾದರು. ಆ ಸಂಜೆಯೇ ಒಣಮೆಣಸು, ಉಪ್ಪು ನೀವಾಳಿಸಿ ದೃಷ್ಟಿ ತೆಗೆದದ್ದೂ ಆಯಿತು.

ಇನ್ನೊಂದು ಬದಲಾವಣೆಯೂ ಆಗಿತ್ತು. ದಡಾರಕ್ಕೆ ಮೊದಲು ಚಂದು ನಮ್ಮ ಮಾಳಿಗೆಯ ಪುಂಡ. ಗ್ಯಾಲರಿಯ ಸರಳುಗಳ ಸಂದಿನಿಂದ ಯಾರದೋ ಚಪ್ಪಲಿ, ಯಾರದೋ ಲಟ್ಟಣಿಗೆ ಕೆಳಗೆ ಎಸೆದು ಚಪ್ಪಾಳೆ ತಟ್ಟುತ್ತಿದ್ದವ. ಈಗ ಕೂರಿಸಿದಲ್ಲಿ ಕೂರುತ್ತಿದ್ದ. ಆಟಕ್ಕೆ ಕರೆದರೆ ಮುಖ ತಿರುಗಿಸುತ್ತಿದ್ದ. ಎಲ್ಲರೂ ಹುಡುಗನಿಗೆ ಬುದ್ಧಿ ಬಂತು ಎಂದರು. ನನಗೆ ಮಾತ್ರ ಒಳಗೊಳಗೇ ಸಂಕಟ. ನನ್ನ ನೋಟುಬುಕ್ಕನ್ನು ಕಿತ್ತುಕೊಂಡು ಓಡುವವನೇ ಇಲ್ಲದೆ ಪಾಠ ಬರೆಯುವುದು ನನಗೆ ಬೇಜಾರಾಗಿತ್ತು.

ನಾನು ಕಲಿಯುತ್ತಿದ್ದದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ಏಳನೆಯ ಇಯತ್ತೆ. ಮುಂಬಯಿಯಲ್ಲಿ ಟೀಚರಮ್ಮಂದಿರನ್ನು ನಾವು ಮರಾಠಿಯವರಂತೆ ಬಾಯಿ ಎಂದೇ ಕರೆಯುತ್ತಿದ್ದೆವು. ವಿಜ್ಞಾನಕ್ಕೆ ಧಾರವಾಡದ ದೇಸಾಯಿ ಬಾಯಿ. ದಪ್ಪ ಕನ್ನಡಕ, ನೂಲಿನ ಸೀರೆ, ಸೀಮೆಸುಣ್ಣ ಹತ್ತಿದ ಮೂಗು. ಪರೀಕ್ಷೆ ಹತ್ತಿರವಾಗಿತ್ತು, ಅವರು ಕರಿಹಲಗೆಯ ಮೇಲೆ ಹೊಟ್ಟೆ, ಕರುಳು ಬರೆದು ಪಚನಕ್ರಿಯೆಯ ಪಾಠವನ್ನು ಮತ್ತೊಮ್ಮೆ ತಿರುವಿಹಾಕುತ್ತಿದ್ದರು.

“ಅನ್ನ, ರೊಟ್ಟಿ ಬಾಯಾಗ ಇದ್ದಾಗನ ಕರಗಲಿಕ್ಕೆ ಸುರು ಆಗ್ತಾವ. ಪ್ರೋಟೀನ್ ಹಂಗಲ್ಲ. ಬ್ಯಾಳಿ, ಹಾಲು, ಶೇಂಗಾ, ತತ್ತಿ, ಮೀನ, ಇವನ್ನ ಬಾಯಿ ಬರೇ ಅಗೀತದ. ಖರೇ ಕೆಲಸ ಹೊಟ್ಟಿಯೊಳಗ. ಅಲ್ಲಿ ಹುಳಿ ರಸ ಅದರ ಸಿಕ್ಕು ಸಡಿಲ ಮಾಡ್ತದ, ಪೆಪ್ಸಿನ್ ಅನ್ನೋದು ಅದನ್ನ ತುಂಡು ತುಂಡು ಕತ್ತರಸ್ತದ. ಮುಂದ ಸಣ್ಣ ಕರುಳಿನ್ಯಾಗ ಇನ್ನೂ ಸಣ್ಣ ತುಂಡು.”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಬಾಯಿ, ಪ್ರೋಟೀನ್ ತಿನ್ನದೇ ಇದ್ರೆ?” ಎಂದು ಕೇಳಿದಳು.

“ಸಣ್ಣ ಕೂಸುಗಳಾದ್ರ ಭಾಳ ತ್ರಾಸ. ರಕ್ತದಾಗ ಪ್ರೋಟೀನ್ ಕಡಿಮಿ ಆದ್ರ ನೀರು ಅಲ್ಲಿ ನಿಲ್ಲಂಗಿಲ್ಲ, ಮೈಯಾಗ ಇಳೀತದ. ಮಾರಿ, ಕಾಲು ಬಾತು ಬರ್ತಾವ. ನೋಡಿದವರು ಕೂಸು ದಪ್ಪ ಆಗ್ಯದ ಅಂತ ತಿಳೀತಾರ. ಹೆಬ್ಬೆರಳಿಂದ ಪಾದ ಒತ್ತಿ ನೋಡ್ಬೇಕು. ಕುಳಿ ಬಿದ್ದು ಹಂಗ ಉಳೀತಂದ್ರ ಅದು ದಪ್ಪ ಅಲ್ಲ, ಬ್ಯಾನಿ.”

ಮುಂದೆ ಅವರೇನು ಹೇಳಿದರೋ ನನಗೆ ಕೇಳಿಸಲಿಲ್ಲ. ಶಾಲೆ ಬಿಟ್ಟದ್ದೇ ಓಡಿದೆ. ಚಂದು ಹೊಸ್ತಿಲ ಬಳಿ ಗೋಡೆಗೊರಗಿ ಕೂತಿದ್ದ. ಅವನ ಪಾದವನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ತೆಗೆದೆ. ಕಲಸಿದ ಹಿಟ್ಟಿನಲ್ಲಿ ಬೆರಳೂರಿದಂತೆ ಕುಳಿ ಹಾಗೆಯೇ ನಿಂತಿತು. ಚಂದು ಅಳಲಿಲ್ಲ, ಕಾಲನ್ನೂ ಎಳೆದುಕೊಳ್ಳಲಿಲ್ಲ. ನಾನು ಕಿರುಚಿದೆ.

ಅಮ್ಮ ಬಂದು ತಾನೂ ಒತ್ತಿ ನೋಡಿದಳು. ಅವಳ ಮುಖದ ಬಣ್ಣವೇ ಹೋಯಿತು. ಅಜ್ಜಿ ಮಾತ್ರ ಗದರಿದರು.

“ಶಾಲೆಯಲ್ಲಿ ಕಲಿಸುದು ಇದನ್ನಾ? ಗುಂಡು ಗುಂಡಾದ ಮಗುವಿಗೆ ದೃಷ್ಟಿ ಹಾಕ್ತಿ ನೀನು. ಹೋಗು, ಕಾಲು ತೊಳ್ಕೊಂಡು ಬಾ!”

ಅತ್ತೆಯ ಮಾತು ಮೀರದ ಅಮ್ಮ ಅಂದು ಮೊದಲ ಸಲ ಮೀರಿದಳು. ಅಪ್ಪ ಬರುವುದನ್ನೇ ಕಾದು, “ನಾಳೆ ಕೆಲಸಕ್ಕೆ ರಜೆ ಹಾಕಿ. ಮಗುವನ್ನು ಪರೇಲಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು,” ಎಂದಳು. ಮರುದಿನ ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು ಚಂದುವಿನ ಪಾದ ಒತ್ತಿದರು, ಕೆಂಚಾದ ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದರು, ಏನು ತಿನ್ನಿಸುತ್ತೀರಿ ಎಂದು ಕೇಳಿದರು. ಆಮೇಲೆ ಮರಾಠಿಯಲ್ಲಿ ನಿಧಾನವಾಗಿ ಅಪ್ಪನಿಗೆ ತಿಳಿಸಿದರು: ಇದು ಪ್ರೋಟೀನ್ ಇಲ್ಲದೆ ಬಂದ ಬಾವು, ಹೀಗೇ ಬಿಟ್ಟರೆ ಮಗು ಉಳಿಯುವುದು ಕಷ್ಟ. ಬೇಳೆ, ಹಾಲು ಕೊಡಿ, ಸ್ವಲ್ಪ ಸ್ವಲ್ಪವೇ ಕೊಡಿ, ವಾರವಾರ ತಂದು ತೋರಿಸಿ.

ಮಗು ಉಳಿಯುವುದು ಕಷ್ಟ ಎಂದ ಮೇಲೆ ಅಪ್ಪನಿಗೆ ಉಳಿದದ್ದೇನೂ ತಲೆಗೆ ಹೋಗಿರಲಿಲ್ಲ. ರಜೆಯಾದರೂ ಸಂಜೆ ಹೋಟೆಲಿಗೆ ಹೋಗಿ ಒಂದು ತೂಗುಪಾತ್ರೆ ತುಂಬ ಗಟ್ಟಿ ತೊವ್ವೆ ತಂದು, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣೀರು ಸುರಿಸುತ್ತ ಒಂದು ಬಟ್ಟಲು ತಿನ್ನಿಸಿಬಿಟ್ಟರು. ಗಳಿಗೆಯಲ್ಲಿ ಚಂದು ಅಷ್ಟನ್ನೂ ಕಾರಿಕೊಂಡ. ಜೊತೆಗೆ ಭೇದಿಯೂ ಮರಳಿ ಬಂತು.

“ನಾನು ಹೇಳ್ಲಿಲ್ವಾ?” ಎಂದರು ಅಜ್ಜಿ. ಗೆದ್ದವರ ದನಿಯಲ್ಲ, ಹೆದರಿದವರ ದನಿ. “ಜೀರ್ಣ ಆಗುದಿಲ್ಲ ಅಂತ ಬಾಯಿ ಬಡ್ಕೊಂಡೆ. ಕೊಲ್ತೀರಿ ನೀವೆಲ್ಲ ಸೇರಿ ಆ ಮಗುವನ್ನ.” ಕೂವೆ ಡಬ್ಬಿ ಮತ್ತೆ ಕೆಳಗಿಳಿಯಿತು. ಅಪ್ಪನಿಗಾಗಲಿ ಅಮ್ಮನಿಗಾಗಲಿ ಅದನ್ನು ತಡೆಯುವ ಧೈರ್ಯ ಉಳಿದಿರಲಿಲ್ಲ.

ಮರುದಿನ ತರಗತಿಯಲ್ಲಿ ನನ್ನ ಅಳು ನಿಲ್ಲಲಿಲ್ಲ. ದೇಸಾಯಿ ಬಾಯಿ ಕಾರಣ ಕೇಳಿ ತಿಳಿದು, ಶಾಲೆ ಬಿಟ್ಟೊಡನೆ ನನ್ನ ಜೊತೆಗೇ ನಡೆದು ಬಂದರು. ಆಗೆಲ್ಲ ಬಾಯಿ ಮನೆಗೆ ಬರುವುದೆಂದರೆ ಸಣ್ಣ ಮಾತಲ್ಲ. ಗಂಗವ್ವ ಓಡಿಹೋಗಿ ತನ್ನ ಮನೆಯ ಕುರ್ಚಿ ತಂದು ಹಾಕಿದಳು. ಬಾಯಿ ಕುರ್ಚಿ ಬಿಟ್ಟು ನೆಲದ ಮೇಲೆ ಅಜ್ಜಿಯ ಎದುರು ಕೂತರು. ಅಜ್ಜಿ ಹೋಟೆಲಿನ ದೇವರ ಪಟಕ್ಕೆ ಮಾಲೆ ಕಟ್ಟುತ್ತಿದ್ದರು. ಅಪ್ಪ ದಾದರಿನ ಹೂವಿನ ಮಾರ್ಕೆಟ್ಟಿನಿಂದ ಬಿಡಿ ಹೂ ತರುವುದು, ಅಜ್ಜಿ ಕಟ್ಟಿಕೊಡುವುದು ದಿನದ ಪದ್ಧತಿ. ಅಜ್ಜಿ ತಲೆ ಎತ್ತಲಿಲ್ಲ.

“ಅಜ್ಜಿಯವರ, ನೀವು ಹೇಳಿದ್ದು ಖರೇ ಅದ,” ಎಂದರು ಬಾಯಿ. “ಈ ಕೂಸಿಗೆ ಈಗ ಬ್ಯಾಳಿ ಅರಗಂಗಿಲ್ಲ.”

ಅಜ್ಜಿಯ ಕೈ ನಿಂತಿತು. ನಾನಂತೂ ಬಾಯಿ ನಮ್ಮ ಪಕ್ಷ ಬಿಟ್ಟೇಬಿಟ್ಟರೆಂದು ಕಂಗಾಲಾದೆ.

ಬಾಯಿ ಕಟ್ಟಿದ ಮಾಲೆಯ ತುದಿಯನ್ನು ಬೆರಳಲ್ಲಿ ಎತ್ತಿ ಹಿಡಿದರು. “ಬ್ಯಾಳಿಯೊಳಗಿನ ಪ್ರೋಟೀನ್ ಅಂದ್ರ ಇಂಥಾದ್ದೊಂದು ಮಾಲಿ ಅಂತ ತಿಳೀರಿ. ಇಡೀ ಮಾಲಿ ಕರುಳಿನ ಗ್ವಾಡಿ ದಾಟಿ ರಕ್ತಕ್ಕ ಹೋಗಂಗಿಲ್ಲ. ಹೊಟ್ಟಿ ತುಂಡು ಮಾಡ್ತದ, ಕರುಳು ಒಂದೊಂದ ಹೂವ ಬಿಡಸ್ತದ. ಬಿಡಿ ಹೂವ ಅಷ್ಟ ಒಳಗ ಹೋಗ್ತಾವ. ಒಳಗ ನಮ್ಮ ಮೈ ತನಗ ಬೇಕಾದ ಮಾಲಿ ಬ್ಯಾರೇನ ಕಟ್ಕೊಳ್ತದ. ರಕ್ತದ್ದೊಂದು, ಕೂದಲದ್ದೊಂದು, ಮಾಂಸದ್ದೊಂದು. ನಿಮ್ಮ ಕೂವಿಯೊಳಗ ಶಕ್ತಿ ಅದ, ಹೂವ ಇಲ್ಲ.”

“ಹೂ ಕೊಟ್ರೆ ಕಾರಿಕೊಂಡ್ನಲ್ಲ ಮತ್ತೆ?” ಅಜ್ಜಿ ಪಟ್ಟು ಬಿಡಲಿಲ್ಲ.

“ಯಾಕಂದ್ರ ಆ ಮಾಲಿ ಬಿಡಿಸೋ ಕತ್ತರಿ ಸುದ್ದಾ ಮೈಯೊಳಗ ಪ್ರೋಟೀನಿಂದನ ಆಗಬೇಕ್ರಿ. ಹೂವಿಂದ ಕತ್ತರಿ ಹ್ಯಾಂಗ ಅಂತ ಕೇಳಬ್ಯಾಡ್ರಿ, ಹೊಟ್ಟಿಯೊಳಗಿನ ಕಾರಭಾರ ಹಂಗ ಅದ. ಇಷ್ಟು ದಿನ ಹೂವ ಬರಲಿಲ್ಲ, ಕತ್ತರಿ ಕಡಿಮಿ ಆದ್ವು. ಒಂದು ಚಮಚ ಕೊಡ್ರಿ, ಇರೋ ಕತ್ತರಿ ಅದನ್ನ ಬಿಡಸ್ತಾವ. ಅದರಿಂದ ನಾಕು ಹೊಸಾ ಕತ್ತರಿ ಆಗ್ತಾವ. ಆಮ್ಯಾಲ ಎರಡು ಚಮಚ ಕೊಡ್ರಿ.”

ಅಜ್ಜಿ ಮಾಲೆಯನ್ನು ಕೆಳಗಿಟ್ಟರು. ತಾವು ಪಥ್ಯ ಹಿಡಿದಷ್ಟೂ ಮಗುವಿಗೆ ಬೇಳೆ ಅರಗಿಸುವ ಶಕ್ತಿ ಕುಂದುತ್ತ ಹೋಯಿತು ಎಂಬುದು ಅವರಿಗೆ ಆ ಹೊತ್ತಿನಲ್ಲಿ ಹೊಳೆದಿರಬೇಕು. ಕೊನೆಗೆ ಅಮ್ಮನ ಕಡೆ ತಿರುಗಿ, “ಹೆಸರುಬೇಳೆ ಉಂಟಾ ಮನೆಯಲ್ಲಿ? ತೊಗರಿ ಬೇಡ. ಹೆಸರು ತಂಪು,” ಎಂದರು. ಸೋತರೂ ಸೋತೆನೆಂದು ಹೇಳುವ ಹೆಂಗಸಲ್ಲ ನಮ್ಮಜ್ಜಿ.

ಹೀಗೆ ಶುರುವಾಯಿತು. ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಬಟ್ಟೆಯಲ್ಲಿ ಸೋಸಿದ ಕಟ್ಟು, ಮೊದಲಿಗೆ ಚಮಚ ಲೆಕ್ಕದಲ್ಲಿ. ಅದು ಹೊಟ್ಟೆಯಲ್ಲಿ ನಿಂತಿತು. ಆಮೇಲೆ ಸೋಸದ ಕಟ್ಟು. ಆಮೇಲೆ ನೀರು ಬೆರೆಸಿದ ಹಾಲು. ಗಂಗವ್ವ ಶೇಂಗಾ ಹುರಿದು ಕುಟ್ಟುವಾಗಿನ ಪರಿಮಳ ಗ್ಯಾಲರಿಯ ತುದಿಯವರೆಗೂ ಹೋಗುತ್ತಿತ್ತು. ಅವಳು ಅದನ್ನು ಬೆಣ್ಣೆಯಂತೆ ನುಣ್ಣಗೆ ಅರೆದು ಬೆಲ್ಲ ಕಲಸಿ ಒಂದು ಬಟ್ಟಲಲ್ಲಿ ತಂದಿಡುತ್ತಿದ್ದಳು. ಶಾಲೆಗೆ ರಜೆ ಬಿದ್ದದ್ದರಿಂದ ತಿನ್ನಿಸುವ ಕೆಲಸ ನನ್ನದೇ. ಪ್ರತಿ ಚಮಚಕ್ಕೂ ನಾನು ಮನಸ್ಸಿನಲ್ಲೇ ಕತ್ತರಿಗಳನ್ನು ಬೇಡಿಕೊಳ್ಳುತ್ತಿದ್ದೆ, ಬಿಡಿಸಿರಪ್ಪಾ, ಬೇಗ ಬಿಡಿಸಿ ಎಂದು.

ಆಮೇಲೆ ಯಾರೂ ಎಣಿಸದಿದ್ದದ್ದು ನಡೆಯಿತು. ಚಂದು ಸೊರಗತೊಡಗಿದ. ಮೊದಲು ಪಾದ ಇಳಿಯಿತು, ಆಮೇಲೆ ಕೆನ್ನೆ. ದುಂಡು ಮುಖದ ಒಳಗಿನಿಂದ ಮೂಳೆಗಳು ಎದ್ದು ಬಂದವು. ಕೈಕಾಲು ಕಡ್ಡಿ, ಎದೆಗೂಡು ಎಣಿಸಬಹುದಾದಷ್ಟು ಸ್ಪಷ್ಟ. ಪರೇಲಿನಲ್ಲಿ ನೋಡಿ ಬೇಳೆ ಮುಂದುವರಿಸಿ ಎಂದರೂ ಮನೆಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಗ್ಯಾಲರಿಯಲ್ಲಿ ಗುಸುಗುಸು ಶುರುವಾಯಿತು. ನಲ್ಲಿಯ ಬಳಿ ಒಬ್ಬಾಕೆ ಅಮ್ಮನ ಮುಖಕ್ಕೇ ಹೇಳಿದಳು, ಚಿನ್ನದಂಥ ಮಗುವನ್ನು ಪುಸ್ತಕದ ಮಾತು ಕೇಳಿ ಹಾಳು ಮಾಡಿದಿರಿ ಎಂದು. ಅಮ್ಮ ಕೊಡ ಅರ್ಧ ತುಂಬಿಸಿಕೊಂಡೇ ವಾಪಸು ಬಂದಳು. ಅಪ್ಪ ಊಟ ಸೇರದೆ ಏಳತೊಡಗಿದರು. ನಾನು ನಲ್ಲಿಯ ಕಡೆ ಹೋಗುವುದನ್ನೇ ಬಿಟ್ಟೆ. ಎಲ್ಲಕ್ಕೂ ಮೊದಲು ಕಿರುಚಿದವಳು ನಾನಲ್ಲವೇ?

ಒಂದು ಮಧ್ಯಾಹ್ನ ಅಜ್ಜಿ ಸುಮ್ಮನೆ ಎದ್ದು ಡಬ್ಬಿ ತೆಗೆದು, ಸ್ಟವ್ವಿಗೆ ಪಂಪು ಹೊಡೆದು, ನೀರಿಟ್ಟರು. ಅಮ್ಮ ನೋಡುತ್ತ ನಿಂತಳು. ನಾನು ಚಂದುವನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಮಡಿಲಿಗೇ ಹಾಕಿದೆ.

“ಒತ್ತಿ ನೋಡಿ ಅಜ್ಜಿ.”

“ಎಂತ ಒತ್ತುದು? ಒತ್ತಲಿಕ್ಕೆ ಮಾಂಸ ಎಲ್ಲುಂಟು ಇದರ ಮೈಯಲ್ಲಿ?” ಅಜ್ಜಿಯ ಕಣ್ಣು ತುಂಬಿತ್ತು.

“ಒಂದೇ ಸಲ ಒತ್ತಿ.”

ಅಜ್ಜಿ ಹೆಬ್ಬೆರಳನ್ನು ಆ ಸಣ್ಣ ಪಾದದ ಮೇಲಿಟ್ಟರು. ಒತ್ತಿ, ತೆಗೆದರು. ಚರ್ಮ ಒಡನೆಯೇ ಸಮನಾಯಿತು. ಇನ್ನೊಂದು ಪಾದ ಒತ್ತಿದರು. ಅದೂ ಸಮನಾಯಿತು. ಮೂರನೆಯ ಸಲ ಒತ್ತಲು ಹೋದಾಗ ಚಂದುವಿಗೆ ಸಿಟ್ಟು ಬಂತು. ಎಷ್ಟೋ ಕಾಲದ ಮೇಲೆ ಬಂದ ಸಿಟ್ಟು. ಕಾಲನ್ನು ಝಾಡಿಸಿ ಅಜ್ಜಿಯ ಎದೆಗೇ ಒದ್ದು, ಕೆಂಪಗಾಗಿ, ಇಡೀ ಮಾಳಿಗೆಗೆ ಕೇಳುವ ಹಾಗೆ ಕೂಗಿದ: “ನಂಗೆ ಶೇಂಗಾ ಬೇಕು!”

ಅಜ್ಜಿ ಒದೆಸಿಕೊಂಡ ಎದೆಯನ್ನು ಹಿಡಿದುಕೊಂಡು ನಗತೊಡಗಿದರು, ನಗುತ್ತಲೇ ಅತ್ತರು. “ನೀರು ಅದು ಮಾರಾಯ್ತಿ, ಬರೀ ನೀರು,” ಎಂದು ಅಮ್ಮನಿಗೆ ಹೇಳಿದರು. “ನಾನು ನೀರನ್ನ ಮುದ್ದು ಮಾಡಿ ದೃಷ್ಟಿ ತೆಗೆದದ್ದು. ನಮ್ಮ ಮಗು ಈಗ ಬಂತು ನೋಡು.” ಆಮೇಲೆ ಸ್ಟವ್ವಿನ ಬಿಸಿನೀರಿಗೆ ಹೆಸರುಬೇಳೆ ಹಾಕಿದರು.

ಮಳೆಗಾಲ ಹಿಡಿಯುವ ಹೊತ್ತಿಗೆ ಚಂದುವಿನ ಮೈಮೇಲೆ ನಿಜವಾದ ಮಾಂಸ ಬಂದಿತ್ತು. ಕೂದಲು ಬುಡದಿಂದ ಕಪ್ಪಾಗುತ್ತಿತ್ತು. ಪರೇಲಿನ ಡಾಕ್ಟರು ಅವನನ್ನು ತೂಗಿ, ಬೆನ್ನು ತಟ್ಟಿ, ಇನ್ನು ಬರಬೇಕಾಗಿಲ್ಲ ಎಂದರು. ಒಂದು ದಿನ ಮಳೆ ಸುರಿಯುತ್ತಿರುವಾಗ ಗಂಗವ್ವನ ಲಟ್ಟಣಿಗೆ ಗ್ಯಾಲರಿಯಿಂದ ಹಾರಿ ಅಂಗಳದ ನೀರಿಗೆ ಬಿತ್ತು. “ಯಾವನಲೇ ಅವ?” ಎಂದು ಓಡಿಬಂದ ಗಂಗವ್ವ ಸರಳಿನ ಬಳಿ ಚಂದುವನ್ನು ಕಂಡು ಬೈಯುವುದನ್ನೇ ಮರೆತು ಎತ್ತಿಕೊಂಡು ಮುದ್ದಿಟ್ಟಳು. ಅಂದು ನನ್ನಷ್ಟು ಸಂತೋಷಪಟ್ಟವರು ಮುಂಬಯಿಯಲ್ಲಿ ಯಾರೂ ಇದ್ದಿರಲಾರರು.

ಅಜ್ಜಿ, ಅಪ್ಪ, ಅಮ್ಮ, ದೇಸಾಯಿ ಬಾಯಿ ಈಗ ಯಾರೂ ಇಲ್ಲ. ಚಂದು ಠಾಣೆಯಲ್ಲಿದ್ದಾನೆ, ತಾತನಾಗಿದ್ದಾನೆ, ಹೊಟ್ಟೆ ಇಳಿಸು ಎಂದು ಡಾಕ್ಟರಿಂದ ಬೈಸಿಕೊಳ್ಳುತ್ತಾನೆ. ಚಾಳನ್ನು ಕೆಡವಿ ಬಿಲ್ಡಿಂಗ್ ಕಟ್ಟಿದರು. ನಾನಿರುವುದೂ ಅಂಥದ್ದೇ ಒಂದರಲ್ಲಿ. ನಲ್ಲಿ ಮನೆಯೊಳಗೇ ಇದೆ, ಆದ್ದರಿಂದ ಕೊಡ ಹಿಡಿದು ನಿಲ್ಲುವ ಸಾಲಿಲ್ಲ. ಎದುರಿನ ಫ್ಲ್ಯಾಟಿನ ಮಗುವಿಗೆ ಜ್ವರ ಬಂದರೆ ನನಗೆ ತಿಳಿಯುವುದಿಲ್ಲ. ತಿಳಿದರೂ ಬಾಯಿ ಹಾಕುವುದು ಮರ್ಯಾದೆಯಲ್ಲ. ಆ ಗ್ಯಾಲರಿಯ ಹೆಂಗಸರು ತಪ್ಪು ಹೇಳುತ್ತಿದ್ದರು, ಚುಚ್ಚಿಯೂ ಹೇಳುತ್ತಿದ್ದರು, ನಿಜ. ಆದರೆ ಹೇಳಲು ಬರುತ್ತಿದ್ದರು. ಸರಿಯಾದ ಮಾತೂ ಅದೇ ಬಾಗಿಲಿನಿಂದ ಒಳಗೆ ಬಂದು ನೆಲದ ಮೇಲೆ ಕೂತಿತು. ಅಂಥ ಬಾಗಿಲು ಹೋಯಿತಲ್ಲ ಎಂದು ನನಗೆ ಎಷ್ಟೋ ಸಲ ಹೊಟ್ಟೆ ಉರಿಯುತ್ತದೆ.

ಕಳೆದ ವಾರ ಬೆಲ್ ಆಯಿತು. ಎದುರಿನ ಫ್ಲ್ಯಾಟಿನ ಹುಡುಗಿ, ನಮ್ಮ ಕಡೆಯವಳೇ, ಕನ್ನಡ ಅಷ್ಟಕ್ಕಷ್ಟೇ. ಸೊಂಟದ ಮೇಲೆ ಮಗು, ಕಣ್ಣಲ್ಲಿ ನಿದ್ದೆಯಿಲ್ಲ.

“ಆಂಟಿ, ಇವನಿಗೆ ಫೀವರ್ ಆಗಿ ಹೋಯ್ತು. ಅಭೀ ಕುಛ್ ಖಾತಾ ಹೀ ನಹೀಂ, ಏನು ಕೊಟ್ರೂ ತಿನ್ನಲ್ಲ. ಮೊಬೈಲ್‌ನಲ್ಲಿ ಎಲ್ಲರೂ ಬೇರೆ ಬೇರೆ ಹೇಳ್ತಾರೆ. ನೀವು ಸ್ವಲ್ಪ ಬಂದು ನೋಡ್ತೀರಾ?”

ನಾನು ನನ್ನ ಮನೆಯ ಬಾಗಿಲು ಹಾಕುವುದನ್ನೂ ಮರೆತು ಅವಳ ಹಿಂದೆಯೇ ಹೋದೆ.